ಕಾಂಗರೂ ಬಾಲ ವಾಪಸ್ಸು ಕಳಿಸಿದ್ದೇನೆ

ನನ್ನ ಮಗಳು ಲೋರ್ನಾಳ ಮನೆಯವರಿಗೆ,

ನೀವು ಕಳಿಸಿದ ಎರಡು ಕಾಂಗರೂ ಬಾಲಗಳನ್ನು ಈ ಕಾಗದದ ಜೊತೆಗೇ ವಾಪಸ್ಸು ಕಳಿಸಿದ್ದೇನೆ. ಸಿಟ್ಟು ಮಾಡಿಕೊಂಡು ಕಳಿಸಿದ್ದಲ್ಲ. ಯಾಕೆ ಅಂತ ಕೊನೆಯವರೆಗೆ ಓದಿದರೆ ತಿಳಿಯುತ್ತದೆ. ಅರ್ಧಕ್ಕೆ ಮಡಚಿಟ್ಟು ಎದ್ದು ಹೋಗಬೇಡಿ. ಹಾಗೆ ಎದ್ದು ಹೋಗುವ ಚಾಳಿ ನನ್ನದು, ಮನೆಗೆ ಒಬ್ಬರು ಅಂಥವರು ಸಾಕು.

ನಿಮಗೆ ಕಾಗದ ಬರೆಯಬಹುದೋ ಬಾರದೋ ಎಂದು ಮೊದಲು ಅಕ್ಕ ಡಾಫ್ನಿಯನ್ನು ಕೇಳಿದೆ. ಅತ್ತೆಯಾದವಳು ಅಳಿಯನ ಮುಖ ನೋಡುವಂತಿಲ್ಲ, ಮಾತಾಡಿಸುವಂತಿಲ್ಲ, ಹೆಸರು ಹಿಡಿಯುವಂತಿಲ್ಲ, ಒಂದೇ ಕೋಣೆಯಲ್ಲಿ ಕೂರುವಂತಿಲ್ಲ. ಇದು ನಮ್ಮಲ್ಲಿ ಒಬ್ಬರಿಗೊಬ್ಬರು ಕೊಡುವ ಮರ್ಯಾದೆ, ಇದರಲ್ಲಿ ನಾನು ಯಾವತ್ತೂ ತಪ್ಪಿದವಳಲ್ಲ. ಆದರೆ ಕಾಗದದ ವಿಷಯ ಹಿರಿಯರು ಏನೂ ಹೇಳಿ ಹೋಗಿಲ್ಲ. ಅವರ ಕಾಲಕ್ಕೆ ಕಾಗದವೇ ಇರಲಿಲ್ಲ. ಡಾಫ್ನಿ ಯೋಚನೆ ಮಾಡುತ್ತಾ ನನ್ನ ಕಣ್ಣೆದುರೇ ಮೂರು ದೊಡ್ಡ ಲೋಟ ಚಹಾ ಕುಡಿದಳು. ನನಗೆ ಡಾಕ್ಟರು ದಿನಕ್ಕೆ ಇಷ್ಟೇ ನೀರು ಅಂತ ಅಳೆದು ಕೊಟ್ಟಿದ್ದಾರೆ, ಆದ್ದರಿಂದಲೇ ಅವಳು ಹಾಗೆ ಸೊರ್ ಸೊರ್ ಎಂದು ಕುಡಿಯುವುದು. ಆಮೇಲೆ ಹೇಳಿದಳು, "ಹೆಸರು ಬರೀಬೇಡ. ನೀನೇ ಕೈಗೆ ಕೊಡಬೇಡ, ಲೋರ್ನಾ ಕೈಲಿ ಕಳಿಸು. ಮತ್ತೆ ಎಡ್ನಾ, ದಯವಿಟ್ಟು ಬೈಬೇಡ."

ಬೈಯುವುದಿಲ್ಲ. ಪ್ರಯತ್ನ ಮಾಡುತ್ತೇನೆ.

ಅಕ್ಷರ ಕೆಟ್ಟದಾಗಿದೆ, ಗೊತ್ತು. ಮಿಷನ್ ಶಾಲೆಯಲ್ಲಿ ನಾಲ್ಕನೇ ತರಗತಿಯಲ್ಲಿದ್ದಾಗ ನಮ್ಮ ಭಾಷೆ ಮಾತಾಡಿದೆ ಅಂತ ಬಾಯಿಗೆ ಸೋಪು ತಿಕ್ಕಿದರು. ಆ ಸೋಪನ್ನು ಅವರ ಮೇಜಿನ ಮೇಲೇ ಉಗಿದು ಹೊರಗೆ ಬಂದವಳು ಮತ್ತೆ ಒಳಗೆ ಹೋಗಲಿಲ್ಲ. ಈಗ ಈ ಒಂದು ಕಾಗದಕ್ಕೆ ನಾಲ್ಕು ದಿನ ಹಿಡಿದಿದೆ.

ಪಟ್ಟಣದಲ್ಲಿ ನಾನು ಎರಡು ವರ್ಷ ನಾಲ್ಕು ತಿಂಗಳು ಇದ್ದೆ. ಹೇಗಿದ್ದೆ ಅಂತ ನಿಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ಹೇಳಿಲ್ಲ. ಸಕ್ಕರೆ ಕಾಯಿಲೆ ನನ್ನ ಕಿಡ್ನಿ ಎರಡನ್ನೂ ತಿಂದುಹಾಕಿತ್ತು. ವಾರಕ್ಕೆ ಮೂರು ದಿನ, ದಿನಕ್ಕೆ ಐದು ಗಂಟೆ, ಡಯಾಲಿಸಿಸ್ ಯಂತ್ರ ನನ್ನ ರಕ್ತ ತೆಗೆದು ತೊಳೆದು ವಾಪಸ್ಸು ಬಿಡಬೇಕು. ಆ ಯಂತ್ರ ನಮ್ಮ ಕಾರ್ಟಾಲದಿಂದ ಐನೂರು ಕಿಲೋಮೀಟರ್ ದೂರ. ಬದುಕಬೇಕಾದರೆ ಊರು ಬಿಡು, ಊರು ಬೇಕಾದರೆ ಸಾಯಿ, ಇಷ್ಟೇ ಲೆಕ್ಕ. ನನ್ನ ಪಕ್ಕದ ಕುರ್ಚಿಯ ಗೆಳತಿ, ತೀರಿಕೊಂಡವಳು, ಸತ್ತವರ ಹೆಸರು ನಮ್ಮಲ್ಲಿ ಹೇಳುವುದಿಲ್ಲ, ಒಂದು ದಿನ ಎದ್ದು "ಸಾಕಾಯ್ತು, ನಾನು ಮನೇಗ್ ಹೋಗ್ತೀನಿ" ಅಂದಳು. ಹೋದಳು. ತನ್ನ ಮರದ ಕೆಳಗೆ ಮಲಗಿ ಒಂಬತ್ತು ದಿನ ಸುಖವಾಗಿದ್ದಳಂತೆ. ಹತ್ತನೇ ದಿನ ಇರಲಿಲ್ಲ.

ನನ್ನ ಹಾಸ್ಟೆಲಿನ ಕಿಟಕಿಯಿಂದ ಟೈರು ಅಂಗಡಿಯ ಹಿಂಗೋಡೆ ಕಾಣುತ್ತಿತ್ತು. ಅದನ್ನು ಬಿಟ್ಟು ಬೇರೇನೂ ಇಲ್ಲ. ಡಾಕ್ಟರುಗಳು ಚಿಕ್ಕ ವಯಸ್ಸಿನವರು, ಬೇಗ ಬೇಗ ಮಾತಾಡುವವರು. "ಅರ್ಥ ಆಯ್ತಾ ಎಡ್ನಾ?" ಅನ್ನುತ್ತಿದ್ದರು. ಆಯ್ತು ಅಂತ ತಲೆಯಾಡಿಸುತ್ತಿದ್ದೆ, ಬೇಗ ಹೋಗಲಿ ಅಂತ. ಒಂದು ಸಲ ಊಟದ ತಟ್ಟೆಯನ್ನು ಎಸೆದೆ. ಆಮೇಲೆ ನನ್ನ ಫೈಲಿನಲ್ಲಿ ಏನೋ ಬರೆದರು. ಅವತ್ತಿನಿಂದ ಹೊಸದಾಗಿ ಬಂದ ನರ್ಸುಗಳೆಲ್ಲ ನನ್ನ ಹತ್ತಿರ ಬರುವಾಗ ಒಂದು ಹೆಜ್ಜೆ ದೂರವೇ ನಿಲ್ಲುತ್ತಿದ್ದರು.

ಆಗ ಒಂದು ದಿನ ಲೋರ್ನಾ ಫೋನಿನಲ್ಲಿ, "ಇವರು ಗ್ರೇಡರ್ ಓಡಿಸೋ ಕೆಲಸ ಬಿಟ್ರಮ್ಮಾ. ಓದೋಕ್ ಹೋಗ್ತಾರಂತೆ" ಅಂದಳು.

"ಈ ವಯಸ್ಸಲ್ಲಿ ಏನ್ ಓದ್ತಾರೆ?"

"ಕಿಡ್ನಿ."

ನಾನು ನಕ್ಕುಬಿಟ್ಟೆ. ಕ್ಷಮಿಸಿ. ರಸ್ತೆ ಹೆರೆಯುವ ಯಂತ್ರದ ಮೇಲೆ ಹದಿನಾಲ್ಕು ವರ್ಷ ಕೂತ ಮನುಷ್ಯ ಕಿಡ್ನಿ ಓದುತ್ತಾನಂತೆ ಎಂದು ಹಾಸ್ಟೆಲಿನಲ್ಲಿ ಎಲ್ಲರಿಗೂ ಹೇಳಿಕೊಂಡು ನಕ್ಕೆ.

ಆ ಹತ್ತು ತಿಂಗಳು ನೀವು ನಾನಿದ್ದ ಜಾಗಕ್ಕೆ ಎರಡು ಬೀದಿ ಆಚೆ ಇದ್ದಿರಿ. ಪಟ್ಟಣದಲ್ಲಿ ಮರ್ಯಾದೆ ಉಳಿಸಿಕೊಳ್ಳುವುದು ಎಷ್ಟು ಕಷ್ಟ! ಊರಿನಲ್ಲಾದರೆ ದೂರದಿಂದಲೇ ಕಾಣುತ್ತೇವೆ, ಒಬ್ಬರು ಆ ಕಡೆ, ಒಬ್ಬರು ಈ ಕಡೆ. ಆ ದೊಡ್ಡ ಅಂಗಡಿಯಲ್ಲಿ, ಬಿಸ್ಕತ್ತಿನ ಸಾಲು ತಿರುಗಿದ್ದೇ ತಡ, ತುಂಬಿದ ಗಾಡಿಯನ್ನು ಅಲ್ಲೇ ಬಿಟ್ಟು ಒಬ್ಬ ಮನುಷ್ಯ ಓಡಿದ. ಗಾಡಿಯಲ್ಲಿ ಐಸ್‌ಕ್ರೀಮ್ ಇತ್ತು. ನೀವೇ ಅಂತ ಹೇಗೆ ಗೊತ್ತಾಯಿತು ಅನ್ನುತ್ತೀರಾ? ಹತ್ತೊಂಬತ್ತು ವರ್ಷದಲ್ಲಿ ನಿಮ್ಮ ಬೆನ್ನನ್ನು ನನ್ನಷ್ಟು ನೋಡಿದವರು ಈ ಭೂಮಿ ಮೇಲೆ ಇಲ್ಲ. ಆ ಐಸ್‌ಕ್ರೀಮ್ ಕರಗುವುದನ್ನು ನೋಡುತ್ತಾ ನಿಂತಿದ್ದೆ. ಈ ಮನುಷ್ಯ ಯಾರಿಗೋಸ್ಕರ ಮನೆ, ಮಕ್ಕಳು, ಕೆಲಸ ಬಿಟ್ಟು ಇಲ್ಲಿ ಬಂದು ಒದ್ದಾಡುತ್ತಿದ್ದಾರೆ ಅನ್ನುವುದು ನನ್ನ ದಪ್ಪ ತಲೆಗೆ ಹೊಳೆದದ್ದು ಆಗಲೇ.

ಕಾರ್ಟಾಲದ ಹಳೇ ಅಂಗಡಿ ಕಟ್ಟಡದಲ್ಲಿ ಎರಡು ಕುರ್ಚಿ, ಎರಡು ಯಂತ್ರ ತಂದಿಟ್ಟರು. ಊರಿನವರೆಲ್ಲ ಸೇರಿ ಆರು ವರ್ಷ ಕೇಳಿ, ಕೂಗಿ, ಸಭೆ ಮಾಡಿ ಪಡೆದದ್ದು ಅದು. ನಾನು ಟ್ರಕ್ಕಿನಿಂದ ಇಳಿದು ಕೆಂಪು ಮಣ್ಣಿನ ಮೇಲೆ ಬರಿಗಾಲಲ್ಲಿ ನಿಂತೆ. ಅಳಲಿಲ್ಲ. ಅಳುತ್ತಿದ್ದ ಡಾಫ್ನಿಗೆ "ಮೂಗು ಒರೆಸ್ಕೋ, ಯಾರೂ ಸತ್ತಿಲ್ಲ" ಅಂದೆ.

ಯಂತ್ರ ಓಡುವಾಗ ನರ್ಸಿನ ಜೊತೆಗೆ ತರಬೇತಿಯಾದ ಇನ್ನೊಬ್ಬರು ಇರಲೇಬೇಕು ಅಂತ ನಿಯಮ. ಊರಿನಿಂದ ನಿಮ್ಮನ್ನೂ ಕ್ವೆಂಟಿನ್‌ನನ್ನೂ ಕಳಿಸಿ ಓದಿಸಿದ್ದು ಅದಕ್ಕೇ. ನನ್ನ ದಿನಗಳಿಗೆ ಕ್ವೆಂಟಿನ್, ಮುಂದೆ ಬರುವವರ ದಿನಗಳಿಗೆ ನೀವು ಅಂತ ನೀವಿಬ್ಬರೇ ಮಾತಾಡಿಕೊಂಡಿದ್ದಿರಿ. ಆದರೆ ನಾನು ಬರುವ ಹಿಂದಿನ ವಾರ ಕ್ವೆಂಟಿನ್ ಗಣಿಯ ಕೆಲಸಕ್ಕೆ ಹೊರಟುಹೋದ. ಅವನನ್ನು ಬೈಯುವುದಿಲ್ಲ ಅಂತ ಡಾಫ್ನಿಗೆ ಮಾತು ಕೊಟ್ಟಿದ್ದೇನೆ.

ಪಟ್ಟಣದಲ್ಲಿ ಕೂತು ಪಟ್ಟಿ ಮಾಡಿದವರಿಗೆ ಅದರಲ್ಲಿ ಏನೂ ತೊಂದರೆ ಕಾಣಲಿಲ್ಲ. ಒಬ್ಬ ಹೋದರೆ ಇನ್ನೊಬ್ಬ ಇದ್ದಾನಲ್ಲ. ಆ ಇನ್ನೊಬ್ಬರು ಯಾರ ಅಳಿಯ ಅಂತ ಯಾರು ಕೇಳುತ್ತಾರೆ?

ಆ ಮೊದಲ ಮಂಗಳವಾರ ನಾನು ಬಾಗಿಲ ಹತ್ತಿರ ಬರುವುದಕ್ಕೂ ಹಿಂದಿನ ಕಿಟಕಿಯಲ್ಲಿ ದಡಬಡ ಸದ್ದಾಗುವುದಕ್ಕೂ ಸರಿಹೋಯಿತು. ನಾನೇನೂ ನೋಡಲಿಲ್ಲ. ನೋಡಿದ್ದು ಡಾಫ್ನಿ. ಕಿಟಕಿಯ ಕೊಕ್ಕೆಗೆ ಪ್ಯಾಂಟು ಸಿಕ್ಕಿಕೊಂಡು ಅರ್ಧ ಒಳಗೆ ಅರ್ಧ ಹೊರಗೆ ನೇತಾಡುತ್ತಿದ್ದಿರಂತೆ. ಅವಳು ಅದನ್ನು ಇಡೀ ಊರಿಗೆ ಅಭಿನಯಿಸಿ ತೋರಿಸಿದ್ದಾಳೆ, ಈಗಲೂ ಕೇಳಿದರೆ ತೋರಿಸುತ್ತಾಳೆ.

ನರ್ಸ್ ಫ್ರಾನ್ ಬಂದು ಹದಿನೈದು ದಿನವೂ ಆಗಿರಲಿಲ್ಲ, ತಾಸ್ಮೇನಿಯಾದವಳು, ಅವಳಿಗೇನು ಗೊತ್ತು. ಕಿಟಕಿಯಿಂದ ತಲೆ ಹೊರಹಾಕಿ ನಿಮ್ಮ ಹೆಸರು ಹಿಡಿದು ಕೂಗಿದಳು, "ಎಲ್ಲೋ ಹೋದೆ? ಬಾ ಒಳಗೆ, ಪೇಷಂಟ್ ಬಂದಿದಾರೆ!" ಮುಖ ಮುಚ್ಚಲು ಬೇರೇನೂ ಇರಲಿಲ್ಲ, ಕೈಚೀಲವನ್ನೇ ಮುಖಕ್ಕೆ ಹಿಡಿದುಕೊಂಡು ವಾಪಸ್ಸು ತಿರುಗಿದೆ. ಅವಳು ಹಿಂದೆಯೇ ಓಡಿಬಂದಳು.

"ಏನಾಯ್ತು ಎಡ್ನಾ? ಹೆದರಿಕೆನಾ?"

"ನಿನ್ನ ಯಂತ್ರಾನೂ ಬೇಡ, ನೀನೂ ಬೇಡ, ಹೋಗು!"

ಇದು ನಾನು ಮಾಡಿದ ಮೊದಲ ತಪ್ಪು. ನಿಜ ಹೇಳಬಹುದಿತ್ತು. ಆದರೆ ಅಳಿಯನ ವಿಷಯವನ್ನು ಗುರುತಿಲ್ಲದ ಹೆಂಗಸಿನ ಹತ್ತಿರ ಬೀದಿಯಲ್ಲಿ ನಿಂತು ಹೇಗೆ ಹೇಳುವುದು? ನಾಲಿಗೆ ಏಳಲಿಲ್ಲ. ಬೈಗುಳಕ್ಕಾದರೆ ನನ್ನ ನಾಲಿಗೆ ಯಾವಾಗಲೂ ಏಳುತ್ತದೆ. ಅವಳು ಪಾಪ, ಫೈಲಿನಲ್ಲಿ "ಚಿಕಿತ್ಸೆ ನಿರಾಕರಿಸಿದ್ದಾರೆ" ಅಂತ ಬರೆದಳು. ಗುರುವಾರವೂ ಬರೆದಳು, ಶನಿವಾರವೂ ಬರೆದಳು. ಊರಿಗೆಲ್ಲ ಕಾರಣ ಗೊತ್ತು. ಯಾರಾದರೂ ಅವಳಿಗೆ ಹೇಳಿರುತ್ತಾರೆ ಅಂತ ಎಲ್ಲರೂ ಅಂದುಕೊಂಡರು. ಯಾರೂ ಹೇಳಿರಲಿಲ್ಲ.

ಭಾನುವಾರದ ಹೊತ್ತಿಗೆ ಕಾಲು ಊದಿ ಮರದ ದಿಮ್ಮಿಯಾಗಿತ್ತು. ಮಲಗಿದರೆ ಉಸಿರಿಲ್ಲ. ಪಟ್ಟಣದವರು ಫೋನಿನಲ್ಲಿ ಹೇಳಿದ್ದರಂತೆ: ಮೂರು ಸಲ ಬೇಡ ಅಂದವರ ಕುರ್ಚಿ ಪಟ್ಟಿಯಲ್ಲಿ ಮುಂದಿರುವವರಿಗೆ, ಸೋಮವಾರದ ವಿಮಾನದಲ್ಲಿ ಎಡ್ನಾಳನ್ನು ಆಸ್ಪತ್ರೆಗೆ ಕಳಿಸಿ, ಆಮೇಲೆ ಅವಳು ಪಟ್ಟಣದಲ್ಲೇ ಇರಲಿ. ನಾನು ಕಂಬಳಿ ಮಡಚಿಟ್ಟುಕೊಂಡೆ, ಪಟ್ಟಣಕ್ಕೆ ಹೋಗುವುದಕ್ಕಲ್ಲ. ಗೆಳತಿಯ ಹಾಗೆ ಮರದ ಕೆಳಗೆ ಮಲಗುವುದು ಅಂತ ನಿರ್ಧಾರ ಮಾಡಿದ್ದೆ. ಇದನ್ನು ಲೋರ್ನಾಗೂ ಹೇಳಿಲ್ಲ. ನಿಮಗೇ ಮೊದಲು.

ಆ ಮಧ್ಯಾಹ್ನ ಫ್ರಾನ್ ನಮ್ಮ ಅಂಗಳಕ್ಕೆ ಬಂದಳು. ಕುರ್ಚಿ ಕೊಟ್ಟರೂ ಬೇಡವೆಂದು ಮಣ್ಣಿನ ಮೇಲೆ ಕೂತಳು, ನನ್ನ ನಾಯಿಯ ಪಕ್ಕ.

"ಆಂಟಿ," ಅಂದಳು. ಅದುವರೆಗೆ ಎಡ್ನಾ ಅನ್ನುತ್ತಿದ್ದಳು. "ನಿಮ್ಮ ಅಳಿಯ ಬಂದಿದ್ರು."

ನಾನು ಆ ಕಡೆ ತಿರುಗಿದೆ.

"'ತಪ್ಪು ಅವರದಲ್ಲ, ನನ್ನದು. ಅವರು ಬರೋ ಕೋಣೇಲಿ ನಾನಿರಬಾರ್ದು' ಅಂದ್ರು. ಮೊದಲೇ ಯಾಕಪ್ಪಾ ಹೇಳ್ಲಿಲ್ಲ ಅಂದೆ. 'ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ, ಚಿಕ್ಕ ಮಕ್ಕಳಿಗೂ ಗೊತ್ತು' ಅಂದ್ರು. ನಂಗೆ ಗೊತ್ತಿರ್ಲಿಲ್ಲ ಆಂಟಿ. ನಾನು ಕೇಳಬೇಕಿತ್ತು."

"ಕೇಳಬೇಕಿತ್ತು," ಅಂದೆ. "ನಾನೂ ಬಾಯಿ ಬಿಡಬೇಕಿತ್ತು. ಏಳು ಮೇಲೆ, ಅಲ್ಲಿ ಇರುವೆ ಗೂಡಿದೆ."

ಅವಳು ಫೈಲು ತೆಗೆದು ನಾನು ನೋಡುತ್ತಿರುವಂತೆಯೇ "ನಿರಾಕರಿಸಿದ್ದಾರೆ" ಅನ್ನುವುದನ್ನು ಮೂರು ಕಡೆಯೂ ಗೀಟು ಹಾಕಿ ಹೊಡೆದಳು. ಪಕ್ಕದಲ್ಲಿ "ನಾವು ವಿಚಾರಿಸಲಿಲ್ಲ" ಅಂತ ಬರೆದು ಸಹಿ ಹಾಕಿದಳು. ನಾಲ್ಕನೇ ತರಗತಿಯ ಓದು ಅದನ್ನು ಓದುವಷ್ಟು ಸಾಕಾಯಿತು. ನಮ್ಮ ಬಗ್ಗೆ ಬರೆದ ಕಾಗದದಲ್ಲಿ ಯಾರಾದರೂ ತಮ್ಮ ತಪ್ಪನ್ನು ಬರೆದುಕೊಂಡದ್ದು ನನ್ನ ಅರವತ್ತಾರು ವರ್ಷದಲ್ಲಿ ಅದೇ ಮೊದಲು.

ಆಮೇಲೆ ಪಟ್ಟಣಕ್ಕೆ ಫೋನು ಮಾಡಿ ಅವಳು ಕೂಗಾಡಿದ್ದು ಪೆಟ್ರೋಲ್ ಬಂಕಿನವರೆಗೂ ಕೇಳಿಸಿತಂತೆ. ಕೊನೆಗೆ ಒಪ್ಪಿದರು: ನನ್ನ ದಿನಗಳಿಗೆ ಲೋರ್ನಾ ತರಬೇತಿ ತೆಗೆದುಕೊಳ್ಳಲಿ, ಅದು ಮುಗಿಯುವವರೆಗೆ ನೀವು ಗೋಡೆಯ ಆಚೆ, ಕೂಗಿದರೆ ಕೇಳಿಸುವ ದೂರದಲ್ಲಿ ಕೂರಬಹುದು. ಲೋರ್ನಾ ಒಳಗೆ ಕೈಕೆಲಸ ಮಾಡಬೇಕು.

ಲೋರ್ನಾ! ಬೆರಳಿಗೆ ಮುಳ್ಳು ಚುಚ್ಚಿದರೆ ಕಣ್ಣು ಮುಚ್ಚಿಕೊಳ್ಳುವ ಹುಡುಗಿ. ನೀವು ಅವಳಿಗೆ ಮನೆಯ ಮೇಜಿನ ಕಾಲನ್ನೇ ತೋಳು ಅಂದುಕೊಂಡು ಕೊಳವೆ ಇಟ್ಟು ಪಟ್ಟಿ ಅಂಟಿಸುವುದನ್ನು ಕಲಿಸಿದಿರಿ. ಅಂಟಿಸಿ ಕಿತ್ತು, ಅಂಟಿಸಿ ಕಿತ್ತು, ಆ ಮೇಜಿನ ಬಣ್ಣವೇ ಹೋಯಿತು ಅಂತ ನನ್ನ ಮಗಳು ದೂರು ಹೇಳುತ್ತಿದ್ದಳು. ದೂರಿನ ಹಾಗೆ ಕೇಳಿಸುತ್ತಿರಲಿಲ್ಲ.

ಬೇಸಿಗೆ ಶುರುವಾದ ನವೆಂಬರಿನಿಂದ ಸುಮಾರು ಹತ್ತು ವಾರ, ವಾರಕ್ಕೆ ಮೂರು ದಿನ, ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ನೀವು ಆ ತಗಡಿನ ಗೋಡೆಗೆ ಒರಗಿ ಹೊರಗೆ ಕೂತಿರಿ. ಕಾಗೆಗಳೂ ಬಾಯಿ ತೆರೆದುಕೊಂಡು ಕೂರುವ ಬಿಸಿಲು. ನಾನು ಒಳಗೆ ಫ್ಯಾನಿನ ಕೆಳಗೆ. ಫ್ರಾನ್ ಯಂತ್ರದ ಅಂಕಿಗಳನ್ನು ಓದುವಳು, ನೀವು ಹೊರಗಿನಿಂದ "ಸರಿ", "ಇನ್ನೊಂದು ಸಲ ನೋಡಿ" ಅನ್ನುವಿರಿ. ಲೋರ್ನಾಳ ಕೈ ನಡುಗಿದರೆ ನಿಮಗೆ ಅದು ಹೇಗೆ ಕಾಣುತ್ತಿತ್ತೋ ನನಗೆ ಗೊತ್ತಿಲ್ಲ, ಕಿಟಕಿಗೆ ಬೆನ್ನು ಹಾಕಿ ಕೂತವರಿಗೆ. "ಲೋರ್ನಾ, ನಡುಗಿದ್ರೆ ನಡುಗ್ಲಿ ಬಿಡು. ನಡುಗೋ ಕೈಲೇ ಮಾಡು. ಅವಸರ ಏನಿಲ್ಲ." ಆ ದನಿ ಕೇಳಿ ಅವಳಿಗಿಂತ ಮೊದಲು ನನ್ನ ಎದೆ ಹಗುರಾಗುತ್ತಿತ್ತು.

ಒಂದು ದಿನ ನಾನೇ ಲೋರ್ನಾಗೆ ಹೇಳಿದೆ, "ನೆರಳು ಆ ಕಡೆ ಸರಿದಿದೆ ಅಂತ ಅವರಿಗೆ ಹೇಳೇ."

"ನೆರಳು ಆ ಕಡೆ ಸರಿದಿದೆಯಂತೆ!" ಅಂತ ಅವಳು ಕಿಟಕಿಗೆ ಕೂಗಿದಳು.

"ಗೊತ್ತಾಯ್ತು ಅಂತ ಹೇಳು," ಅಂದಿರಿ ನೀವು.

"ಗೊತ್ತಾಯ್ತಂತಮ್ಮಾ."

"ಹಾಗಾದ್ರೆ ಎದ್ದು ಆ ಕಡೆ ಕೂರೋಕೇನು ಕಷ್ಟವಂತೆ?"

ಫ್ರಾನ್ ನಮ್ಮ ಮೂವರನ್ನೂ ನೋಡಿ, ಅಂದರೆ ಇಬ್ಬರನ್ನೂ ಒಂದು ಗೋಡೆಯನ್ನೂ ನೋಡಿ, ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ನೀವು ಎದ್ದು ಆ ಕಡೆ ಕೂತಿರಿ. ಅತ್ತೆಯೊಬ್ಬಳು ಅಳಿಯನ ಜೊತೆ ಅಷ್ಟು ಮಾತಾಡಿದ್ದನ್ನು ಮೆಚ್ಚಬೇಕೋ ಬಯ್ಯಬೇಕೋ ತಿಳಿಯದೆ ಡಾಫ್ನಿ ಎರಡು ದಿನ ತನ್ನಷ್ಟಕ್ಕೇ ಗೊಣಗಿಕೊಂಡು ತಿರುಗಿದಳು.

ಇನ್ನು ಸೂಜಿ ಹೊರಬಂದ ಆ ಶನಿವಾರದ ವಿಷಯ. ಈ ಕಾಗದ ಬರೆಯಲು ಕೂತದ್ದೇ ಇದಕ್ಕಾಗಿ, ಆದರೂ ಇಲ್ಲಿಗೆ ಬರಲು ನಾಲ್ಕು ದಿನ ತಪ್ಪಿಸಿಕೊಂಡು ತಿರುಗಿದೆ.

ಸೂಜಿ ತಾನಾಗಿ ಜಾರಲಿಲ್ಲ. ನಾನು ಎಳೆದೆ.

ಲೋರ್ನಾ ಅವತ್ತು, "ನಿನ್ನ ಆ ಕುಂಟು ನಾಯೀನ ಯಾರಿಗಾದ್ರೂ ಕೊಟ್ಬಿಡಮ್ಮಾ, ರಾತ್ರಿಯೆಲ್ಲ ಬೊಗಳುತ್ತೆ" ಅಂದಳು. ನನಗೆ ಎಲ್ಲಿತ್ತೋ ಸಿಟ್ಟು. "ಕೊಡೋದಾದ್ರೆ ನಿನ್ನನ್ನೇ ಕೊಡ್ತೀನಿ ಕಣೇ!" ಎಂದು ಕೈ ಬೀಸಿದೆ. ಬೀಸಿದ್ದು ಯಾವ ಕೈ? ಅಲ್ಲಾಡಿಸಬಾರದು ಅಂತ ದಿನಾ ಹೇಳಿಸಿಕೊಳ್ಳುತ್ತಿದ್ದ ಕೈಯನ್ನೇ. ಪಟ್ಟಿ ಕಿತ್ತು ಸೂಜಿ ಹೊರಬಂತು, ಯಂತ್ರ ಕಿರುಚಿಕೊಂಡಿತು, ನೆಲವೆಲ್ಲ ರಕ್ತ. ಫ್ರಾನ್ ಎರಡೂ ಕೈಯಲ್ಲಿ ನನ್ನ ತೋಳು ಒತ್ತಿ ಹಿಡಿದಳು. ಕೊಳವೆಗೆ ಚಿಮಟ ಹಾಕಬೇಕು, ಉಪ್ಪುನೀರಿನ ಚೀಲ ಬಿಡಬೇಕು, ಅವಳಿಗೆ ಮೂರನೇ ಕೈ ಎಲ್ಲಿಂದ ಬರಬೇಕು? ಲೋರ್ನಾ ಗೋಡೆಗೆ ಅಂಟಿಕೊಂಡು ಕಲ್ಲಾಗಿದ್ದಳು. ನನ್ನ ಕಣ್ಣಿನ ಅಂಚು ಕಪ್ಪಾಗುತ್ತಾ ಬಂತು. ಫ್ರಾನ್ ನಿಮ್ಮ ಹೆಸರು ಹಿಡಿದು ಕೂಗಿದಳು.

ನೀವು ಬಾಗಿಲವರೆಗೆ ಬಂದಿರಿ. ಅಲ್ಲಿ ನಿಂತಿರಿ. ನಿಮ್ಮ ಬೂಟಿನ ನೆರಳು ಹೊಸ್ತಿಲ ಮೇಲೆ ಬಿದ್ದಿತ್ತು, ಅದು ಒಳಕ್ಕೂ ಬರುತ್ತಿಲ್ಲ, ಹೊರಕ್ಕೂ ಹೋಗುತ್ತಿಲ್ಲ. ಆ ಹೊತ್ತಿನಲ್ಲಿ ನಿಮ್ಮ ಕಷ್ಟ ನನ್ನ ಕಷ್ಟಕ್ಕಿಂತ ದೊಡ್ಡದು ಅಂತ ನನಗೆ ಗೊತ್ತಿತ್ತು. ನಾನು ಸತ್ತರೆ ನನಗೇನೂ ತಿಳಿಯುವುದಿಲ್ಲ, ನೀವು ಆ ಹೊಸ್ತಿಲಲ್ಲೇ ಉಳಿದ ಬದುಕು ಕಳೆಯಬೇಕಾಗುತ್ತಿತ್ತು. ಆಗ ನಾನು ಇನ್ನೊಂದು ಕೈಯಿಂದ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡೆ.

ಅದು ನಾಚಿಕೆಯಿಂದ ಎಳೆದುಕೊಂಡದ್ದಲ್ಲ. ನೀವು ಹಾಗೆ ತಿಳಿದಿದ್ದೀರಿ ಅಂತ ಲೋರ್ನಾ ಹೇಳಿದಳು, ಅದಕ್ಕೇ ಬರೆಯುತ್ತಿದ್ದೇನೆ. ಒಳಗೆ ಬನ್ನಿ ಅಂತ ನಾನು ಬಾಯಿಬಿಟ್ಟು ಹೇಳುವಂತಿಲ್ಲವಲ್ಲ. ಹೊದಿಕೆ ಎಳೆದು ಹೇಳಿದೆ.

ನೀವು ಬಂದಿರಿ. ಬಿಳಿ ಬಟ್ಟೆಯೊಳಗೆ ನನಗೆ ಸದ್ದು ಮಾತ್ರ ಕೇಳುತ್ತಿತ್ತು. ಒಂದು ಚಿಮಟ, ಇನ್ನೊಂದು ಚಿಮಟ. ಕುರ್ಚಿಯ ತಲೆ ಕೆಳಗಾಯಿತು, ಕಾಲು ಮೇಲಾಯಿತು. ನೀವು ಒಂದು ಮಾತೂ ಆಡಲಿಲ್ಲ. ಕೆಲಸ ಮಾಡಿ, ಯಂತ್ರದ ಕೂಗು ನಿಂತ ಕೂಡಲೇ ಹೊರಗೆ ಹೋದಿರಿ. ನಾನು ಹೊದಿಕೆಯೊಳಗೇ ಅತ್ತೆ. ಅಲ್ಲಿ ಯಾರಿಗೂ ಕಾಣುತ್ತಿರಲಿಲ್ಲ.

ಅವತ್ತು ಸಂಜೆ ನೀವು ಫ್ರಾನಳ ಮೇಜಿನ ಮೇಲೆ ಯಂತ್ರದ ಕೋಣೆಯ ಕೀಲಿಕೈ ಇಟ್ಟು, ಪಟ್ಟಿ ಅಂಟಿಸಲು ಸರಿಯಾಗಿ ಕಲಿಸಲಿಲ್ಲ, ತಪ್ಪು ನನ್ನದು, ಅತ್ತೆಯ ಮುಂದೆ ಮರ್ಯಾದೆಯನ್ನೂ ಮೀರಿದೆ ಅಂತ ಹೇಳಿ ನಿಮ್ಮ ಅಪ್ಪನ ಜಾಗಕ್ಕೆ ಹೊರಟುಹೋದಿರಿ. ಅಲ್ಲಿಂದ ಈ ಬಾಲಗಳು ಬಂದವು. ತಪ್ಪು ಮಾಡಿದವರು ಕೊಡುವ ದಂಡದ ಮಾಂಸ ಅಂತ ಕಟ್ಟಿದ ರೀತಿಯಲ್ಲೇ ತಿಳಿಯಿತು. ಅದನ್ನು ನಾನು ತಿಂದರೆ ನೀವು ತಪ್ಪು ಮಾಡಿದ್ದು ನಿಜ ಅಂತ ಒಪ್ಪಿಕೊಂಡ ಹಾಗೆ. ಹೇಗೆ ತಿನ್ನಲಿ? ದಂಡ ಕೊಡಬೇಕಾದವಳು ನಾನು.

ಎರಡು ವಾರ ಪಟ್ಟಣದಿಂದ ಬೇರೊಬ್ಬ ನರ್ಸ್ ಬಂದು ನನ್ನ ದಿನಗಳನ್ನು ನಡೆಸಿಕೊಟ್ಟಳು. ಎರಡೂ ವಾರ ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಹೇಡಿತನ, ಬೇರೇನಲ್ಲ. ನನ್ನ ಮಗಳು ಊಟ ಬಿಟ್ಟು ಆ ಮೇಜಿನ ಕಾಲನ್ನೇ ನೋಡುತ್ತಾ ಕೂರುವುದನ್ನು ನೋಡಿ ತಡೆಯಲಾಗಲಿಲ್ಲ. ಮೊನ್ನೆ ಅವಳನ್ನು ಕರೆದು ನಿಜ ಹೇಳಿದೆ. ಅವಳು ನನ್ನನ್ನು ಬೈದ ಬೈಗುಳಗಳಲ್ಲಿ ಅರ್ಧ ನಾನೇ ಕಲಿಸಿದವು. ಸಂತೋಷವಾಯಿತು. ಆಮೇಲೆ ಫ್ರಾನ್ ಹತ್ತಿರ ಹೋಗಿ, "ಆ ದಿನದ ಕಾಗದ ತೆಗಿ, ಪಟ್ಟಿ ಸರಿಯಾಗಿತ್ತು, ಮುದುಕಿ ಕೈ ಬೀಸಿದಳು ಅಂತ ಬರಿ" ಅಂದೆ. ಬರೆದಳು. ನಾನು ಕೆಳಗೆ ಸಹಿ ಹಾಕಿದೆ.

ಹೆಂಗಸರೆಲ್ಲ ಕೂತಾಗ ಮರ್ಯಾದೆಯ ಮಾತೂ ಬಂತು. ಡಾಫ್ನಿಯೇ ವಿಚಾರಣೆ ಮಾಡಿದಳು.

"ಹೊದಿಕೆ ಇತ್ತಾ?"

"ಇತ್ತು."

"ಮಾತಾಡಿದ್ನಾ?"

"ಇಲ್ಲ."

"ಮುಟ್ಟಿದ್ನಾ?"

"ಕೊಳವೆ ಮುಟ್ಟಿದ್ರು."

"ಕೊಳವೆ ಏನ್ ನಿನ್ನ ತಂಗಿಯಾ? ಬಿಡು ಅತ್ಲಾಗೆ. ಯಾರಾದ್ರೂ ಚಹಾ ಇಡಿ."

ಎಲ್ಲ ಹಿರಿಯರೂ ಹೂಂ ಅಂದರು. ಅಲ್ಲಿಗೆ ಆ ಮಾತು ಮುಗಿಯಿತು. ನಿಮ್ಮ ಮೇಲೆ ಯಾರದೂ, ಯಾವ ದೂರೂ ಇಲ್ಲ.

ಲೋರ್ನಾ ಗುರುವಾರ ಪರೀಕ್ಷೆ ಪಾಸಾದಳು. ಕಾಗದದ ಮೇಲೆ ಅವಳ ಹೆಸರು ಅಚ್ಚು ಹಾಕಿ ಕೊಟ್ಟಿದ್ದಾರೆ, ನೀವು ಬಂದು ನೋಡುವವರೆಗೆ ಗೋಡೆಗೆ ಹಾಕುವುದಿಲ್ಲವಂತೆ. ಇನ್ನು ನನ್ನ ದಿನಗಳು ಅವಳವು. ನೀವು ಬಿಸಿಲಲ್ಲಿ ಕೂರಬೇಕಾಗಿಲ್ಲ, ಕಿಟಕಿ ಹಾರಬೇಕಾಗಿಲ್ಲ.

ಆದರೆ ಇನ್ನೊಂದು ಕುರ್ಚಿ ಇನ್ನೂ ಖಾಲಿಯೇ ಇದೆ. ನಿಮ್ಮ ದೊಡ್ಡಪ್ಪ ಹೆಕ್ಟರ್ ಮೂರು ವರ್ಷದಿಂದ ಪಟ್ಟಣದ ಅದೇ ಹಾಸ್ಟೆಲಿನಲ್ಲಿದ್ದಾರೆ. ಟೈರು ಅಂಗಡಿ ಕಾಣುವ ಆ ಕೋಣೆ ಈಗ ಅವರದು. ಸೋಮವಾರ, ಬುಧವಾರ, ಶುಕ್ರವಾರ ಅಂತ ಅವರ ದಿನಗಳನ್ನು ಗೊತ್ತು ಮಾಡಿ ಫ್ರಾನ್ ಕಾಯುತ್ತಿದ್ದಾಳೆ. ಲೋರ್ನಾಗೆ ಅವರು ಮಾವನಾಗಬೇಕು, ಅವರ ತೋಳು ಹಿಡಿದು ಅವಳು ಪಟ್ಟಿ ಅಂಟಿಸುವಂತಿಲ್ಲ, ನಿಮಗೆ ಗೊತ್ತಿರುವುದೇ. ನಾಳೆ ಭಾನುವಾರ ಸಂಜೆಯೊಳಗೆ ನೀವು ಬರದಿದ್ದರೆ ಅವರನ್ನು ವಿಮಾನಕ್ಕೆ ಹತ್ತಿಸಬೇಡಿ ಅಂತ ಫ್ರಾನ್ ಪಟ್ಟಣಕ್ಕೆ ಹೇಳಬೇಕಾಗುತ್ತದೆ. ಅವರು ಚೀಲ ಕಟ್ಟಿಕೊಂಡು ಮೂರು ದಿನದಿಂದ ಮಂಚದ ಮೇಲೆ ಕೂತಿದ್ದಾರಂತೆ. ಶೂ ಕೂಡ ಬಿಚ್ಚುವುದಿಲ್ಲವಂತೆ.

ಉಪಕಾರವಾಯಿತು ಅಂತ ಬಾಯಿಬಿಟ್ಟು ಹೇಳುವ ಅಭ್ಯಾಸ ನನಗಿಲ್ಲ. ನನ್ನ ಗಂಡನಿಗೂ ಹೇಳಿಲ್ಲ, ಹೇಳಬೇಕು ಅನ್ನುವ ಹೊತ್ತಿಗೆ ಅವರಿರಲಿಲ್ಲ. ನಿಮ್ಮ ವಿಷಯದಲ್ಲಿ ಹಾಗಾಗಬಾರದು. ಈ ಬೆಳಗ್ಗೆ ನಾನು ನನ್ನ ಅಂಗಳದಲ್ಲಿ ಕೂತು, ನನ್ನ ಗುಡ್ಡ ನೋಡುತ್ತಾ, ನನ್ನ ಭಾಷೆಯಲ್ಲಿ ನನ್ನ ಮೊಮ್ಮಕ್ಕಳನ್ನು ಗದರಿಸಿದೆ. ಇದೆಲ್ಲ ನಿಮ್ಮಿಂದ. ನೀವು ಓದಿದ್ದರಿಂದ, ಫ್ರಾನ್ ಹತ್ತಿರ ಹೋಗಿ ಬಾಯಿಬಿಟ್ಟದ್ದರಿಂದ, ಕೂತದ್ದರಿಂದ, ಆ ಹೊಸ್ತಿಲು ದಾಟಿದ್ದರಿಂದ. ನನ್ನ ಮಗಳಿಗೆ ಒಳ್ಳೆಯ ಗಂಡು ಸಿಕ್ಕ ಅಂತ ಹತ್ತೊಂಬತ್ತು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಇಂದು ಬರೆದೆ.

ಲೋರ್ನಾ ಗಾಡಿಯಲ್ಲೇ ಕಾಯುತ್ತಾಳೆ. ಅವಳ ಜೊತೆ ಹೊರಟು ಬನ್ನಿ. ಕೀಲಿಕೈ ಅವಳ ಹತ್ತಿರ ಇದೆ.

ನಿಮ್ಮ ಅಪ್ಪನ ನೆಲ ನಿಮ್ಮ ಹಿಂದೆ ನಿಲ್ಲಲಿ, ಬೋರಿನ ನೀರು ಸಿಹಿಯಾಗಿರಲಿ, ನಿಮ್ಮ ಎರಡು ಕೈಗಳು ನೂರು ಜನರನ್ನು ಮನೆಗೆ ಕರೆತರಲಿ. ಸೋಮವಾರ ನಿಮ್ಮ ದೊಡ್ಡಪ್ಪನ ಶೂ ನೀವೇ ಬಿಚ್ಚಿ.

ನಿಮ್ಮ ಮಕ್ಕಳ ಅಜ್ಜಿ,
ಎಡ್ನಾ